ಎರಡು ನೀರಿನ ಮಾತ್ರೆ, ನಡುವೆ ಅರ್ಧ ಗಂಟೆ: ಹೃದಯ ವೈಫಲ್ಯದಲ್ಲಿ ಮೂತ್ರವರ್ಧಕಗಳನ್ನು ಯಾವಾಗ ತೆಗೆದುಕೊಳ್ಳಬೇಕು?

ಹೃದಯ ವೈಫಲ್ಯಕ್ಕೆ ಚಿಕಿತ್ಸೆ ಪಡೆದು ಆಸ್ಪತ್ರೆಯಿಂದ ಮನೆಗೆ ಬರುವಾಗ ಡಿಸ್ಚಾರ್ಜ್ ಚೀಟಿಯಲ್ಲಿ ಎಂಟು ಹತ್ತು ಮಾತ್ರೆಗಳ ಹೆಸರಿರುವುದು ಸಾಮಾನ್ಯ. ಅವುಗಳಲ್ಲಿ ಎರಡೋ ಮೂರೋ ನೀರಿನ ಮಾತ್ರೆಗಳೇ ಆಗಿರುತ್ತವೆ. ಒಂದು ಬೆಳಿಗ್ಗೆ, ಇನ್ನೊಂದು ಅದಕ್ಕಿಂತ ಅರ್ಧ ಗಂಟೆ ಮೊದಲು, ಮತ್ತೊಂದು ತಿಂಡಿಯ ಜೊತೆ ಎಂದು ನರ್ಸ್ ಹೇಳಿರುತ್ತಾರೆ. ನೀವು ಮುಂಬೈ, ಹೈದರಾಬಾದ್ ಅಥವಾ ದೆಹಲಿಯಲ್ಲಿದ್ದರೆ ಆ ಮಾತನ್ನು ಮರಾಠಿ, ತೆಲುಗು ಅಥವಾ ಹಿಂದಿಯಲ್ಲಿ ಕೇಳಿಸಿಕೊಂಡು, ಮನೆಯಲ್ಲಿರುವ ಅಪ್ಪನಿಗೋ ಅತ್ತೆಗೋ ಕನ್ನಡದಲ್ಲಿ ವಿವರಿಸುವ ಕೆಲಸವೂ ನಿಮ್ಮದೇ.

ಆಗ ಪ್ರಶ್ನೆಗಳು ಏಳುತ್ತವೆ. ಮೂತ್ರ ಹೋಗಲು ಒಂದು ಮಾತ್ರೆ ಸಾಲದೇ? ಅರ್ಧ ಗಂಟೆ ಅಂತರ ತಪ್ಪಿದರೆ ಏನಾಗುತ್ತದೆ? ರಾತ್ರಿ ತೆಗೆದುಕೊಂಡರೆ ತಪ್ಪೇನು? ಈ ಲೇಖನದಲ್ಲಿ ಅವುಗಳಿಗೆ ಉತ್ತರವಿದೆ. ಒಂದು ಮಾತನ್ನು ಮೊದಲೇ ತಿಳಿದುಕೊಳ್ಳಿ: ಗಂಟೆಯ ಲೆಕ್ಕ ಮುಖ್ಯ, ಆದರೆ ದಿನಗಳ ಲೆಕ್ಕ ಅದಕ್ಕಿಂತ ಮುಖ್ಯ. ಎರಡು ಮಾತ್ರೆಗಳ ನಡುವಿನ ಅಂತರ ಹತ್ತು ನಿಮಿಷ ಹೆಚ್ಚುಕಡಿಮೆಯಾದರೆ ಅಪಾಯವಿಲ್ಲ. ಐದು ದಿನಕ್ಕೆಂದು ಕೊಟ್ಟ ಮಾತ್ರೆಯನ್ನು ರಕ್ತ ಪರೀಕ್ಷೆಯಿಲ್ಲದೆ ಐದು ವಾರ ನುಂಗಿದರೆ ಜೀವಕ್ಕೇ ಅಪಾಯವಾಗಬಹುದು.

ಮೂತ್ರಪಿಂಡದಲ್ಲಿ ಏನು ನಡೆಯುತ್ತದೆ?

ಹೃದಯ ದುರ್ಬಲವಾದಾಗ ದೇಹ ಉಪ್ಪನ್ನೂ ನೀರನ್ನೂ ಹಿಡಿದಿಟ್ಟುಕೊಳ್ಳುತ್ತದೆ. ಆ ನೀರು ಕಾಲಿಗಿಳಿದರೆ ಊತ, ಶ್ವಾಸಕೋಶಕ್ಕೆ ಹೋದರೆ ಏದುಸಿರು, ಹೊಟ್ಟೆ ಕರುಳಿನ ಸುತ್ತ ನಿಂತರೆ ಹೊಟ್ಟೆ ಉಬ್ಬರ ಮತ್ತು ಹಸಿವಿಲ್ಲದಿರುವಿಕೆ. ಮೂತ್ರವರ್ಧಕ ಮಾತ್ರೆಗಳು ಉಪ್ಪನ್ನು ಮೂತ್ರದಲ್ಲಿ ಹೊರಹಾಕಿಸುತ್ತವೆ. ಉಪ್ಪಿನ ಹಿಂದೆಯೇ ನೀರೂ ಹೋಗುತ್ತದೆ.

ನಮ್ಮ ಮೂತ್ರಪಿಂಡಗಳು ದಿನಕ್ಕೆ ಸುಮಾರು 180 ಲೀಟರ್ ದ್ರವವನ್ನು ಸೋಸುತ್ತವೆ. ಅದರಲ್ಲಿ ಮೂತ್ರವಾಗಿ ಹೊರಬರುವುದು ಒಂದೂವರೆ ಎರಡು ಲೀಟರ್ ಮಾತ್ರ. ಉಳಿದದ್ದೆಲ್ಲ ದಾರಿಯುದ್ದಕ್ಕೂ ರಕ್ತಕ್ಕೆ ಮರಳುತ್ತದೆ. ಈ ದಾರಿ ಒಂದು ನಾಲೆಯಿದ್ದಂತೆ. ನಾಲೆಯ ಉದ್ದಕ್ಕೂ ಬೇರೆ ಬೇರೆ ಕಡೆ ತೂಬುಗಳಿವೆ. ಪ್ರತಿಯೊಂದು ತೂಬೂ ಸ್ವಲ್ಪ ಸ್ವಲ್ಪ ಉಪ್ಪನ್ನು ರಕ್ತಕ್ಕೆ ಎಳೆದುಕೊಳ್ಳುತ್ತದೆ.

• ಮೊದಲ ಭಾಗ: ಸುಮಾರು 65 ಶೇಕಡಾ ಉಪ್ಪು ಇಲ್ಲೇ ಮರಳುತ್ತದೆ. ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಮಾತ್ರೆಗಳು ಇಲ್ಲಿ ಕೆಲಸ ಮಾಡುತ್ತವೆ. ಮೂತ್ರವರ್ಧಕವಾಗಿ ಇವುಗಳ ಶಕ್ತಿ ಕಡಿಮೆ.
• ಎರಡನೆಯ ಭಾಗ: ಸುಮಾರು 25 ಶೇಕಡಾ. ಫ್ಯೂರೋಸೆಮೈಡ್ (ಲೇಸಿಕ್ಸ್) ಮತ್ತು ಟಾರ್ಸೆಮೈಡ್ (ಡೈಟಾರ್) ಈ ತೂಬನ್ನು ಮುಚ್ಚುತ್ತವೆ. ಇವೇ ಮುಖ್ಯ ನೀರಿನ ಮಾತ್ರೆಗಳು.
• ಮೂರನೆಯ ಭಾಗ: ಸುಮಾರು 5 ಶೇಕಡಾ. ಮೆಟೋಲಾಜೋನ್, ಹೈಡ್ರೋಕ್ಲೋರೋಥಯಜೈಡ್, ಕ್ಲೋರ್‌ಥಾಲಿಡೋನ್ ಕೆಲಸ ಮಾಡುವುದು ಇಲ್ಲಿ.
• ಕೊನೆಯ ಭಾಗ: 2ರಿಂದ 3 ಶೇಕಡಾ. ಸ್ಪೈರೋನೋಲ್ಯಾಕ್ಟೋನ್ (ಆಲ್ಡಾಕ್ಟೋನ್) ಮತ್ತು ಎಪ್ಲೆರಿನೋನ್‌ನ ಜಾಗ ಇದು.

ಒಂದೇ ಮಾತ್ರೆ ಏಕೆ ಸಾಲದಾಗುತ್ತದೆ?

ಹಲವರಿಗೆ ಲೇಸಿಕ್ಸ್ ಅಥವಾ ಡೈಟಾರ್ ಒಂದೇ ಸಾಕಾಗುತ್ತದೆ. ಆದರೆ ತಿಂಗಳುಗಟ್ಟಲೆ ತೆಗೆದುಕೊಂಡ ಮೇಲೆ ಕೆಲವರಲ್ಲಿ ಅದು ಮೊದಲಿನಷ್ಟು ಕೆಲಸ ಮಾಡುವುದಿಲ್ಲ. ಎರಡನೆಯ ತೂಬು ಮುಚ್ಚಿದಾಗ ನಾಲೆಯ ಕೆಳಭಾಗಕ್ಕೆ ಹೆಚ್ಚು ಉಪ್ಪು ಹರಿದುಬರುತ್ತದೆ. ದಿನಾಲೂ ಹೀಗೆ ಬಂದರೆ ಅಲ್ಲಿನ ಜೀವಕೋಶಗಳು ದಪ್ಪವಾಗಿ ಬೆಳೆದು, ಬಂದದ್ದನ್ನೆಲ್ಲ ಹಿಡಿದುಕೊಳ್ಳಲು ಕಲಿಯುತ್ತವೆ. ಮೇಲೆ ಬಿಟ್ಟ ನೀರನ್ನು ಕೆಳಗಿನ ತೂಬಿನವರು ಎಳೆದುಕೊಂಡಂತೆ. ಕಡೆಗೆ ಮೂತ್ರಕ್ಕೆ ಸೇರುವುದು ಅಷ್ಟಕ್ಕಷ್ಟೇ.

ಆಗ ವೈದ್ಯರು ಮೊದಲು ಮುಖ್ಯ ಮಾತ್ರೆಯ ಪ್ರಮಾಣ ಹೆಚ್ಚಿಸುತ್ತಾರೆ, ಅಥವಾ ಫ್ಯೂರೋಸೆಮೈಡ್‌ನಿಂದ ಟಾರ್ಸೆಮೈಡ್‌ಗೆ ಬದಲಿಸುತ್ತಾರೆ, ಅಥವಾ ಇಂಜೆಕ್ಷನ್ ಕೊಡುತ್ತಾರೆ. ಅದೂ ಸಾಲದಿದ್ದರೆ ಮೂರನೆಯ ತೂಬನ್ನೂ ಮುಚ್ಚುವ ಮೆಟೋಲಾಜೋನ್‌ನಂಥ ಮಾತ್ರೆ ಸೇರಿಸುತ್ತಾರೆ. ಎರಡೂ ಒಟ್ಟಿಗೆ ಕೆಲಸ ಮಾಡಿದಾಗ ಪರಿಣಾಮ ಒಂದಕ್ಕೊಂದು ಕೂಡಿದ್ದಕ್ಕಿಂತ ಹೆಚ್ಚು. ಮೆಟೋಲಾಜೋನ್ 2.5 ಮಿಲಿಗ್ರಾಂ ಕಣ್ಣಿಗೆ ಪುಟ್ಟ ಮಾತ್ರೆ, ಆದರೆ ಈ ಜೋಡಿಯಲ್ಲಿ ಅದರ ಬಲ ದೊಡ್ಡದು.

ಪ್ರತಿ ಮಾತ್ರೆಗೂ ತನ್ನದೇ ಗಡಿಯಾರ

*ಫ್ಯೂರೋಸೆಮೈಡ್:* ನುಂಗಿದ ಅರ್ಧದಿಂದ ಒಂದು ಗಂಟೆಯೊಳಗೆ ಕೆಲಸ ಶುರು, ಒಂದೆರಡು ಗಂಟೆಯಲ್ಲಿ ಗರಿಷ್ಠ ಪರಿಣಾಮ, ಆರರಿಂದ ಎಂಟು ಗಂಟೆಯಲ್ಲಿ ಮುಗಿಯುತ್ತದೆ. ಊಟದ ಜೊತೆ ತೆಗೆದುಕೊಂಡರೆ ರಕ್ತಕ್ಕೆ ಸೇರುವುದು ನಿಧಾನವಾಗುತ್ತದೆ, ಸೇರುವ ಪ್ರಮಾಣವೂ ತಗ್ಗುತ್ತದೆ. ಕರುಳಿನ ಸುತ್ತ ನೀರು ತುಂಬಿದಾಗಲೂ ಹೀಗೇ ಆಗುತ್ತದೆ. ಆದ್ದರಿಂದ ಖಾಲಿ ಹೊಟ್ಟೆಯಲ್ಲಿ, ತಿಂಡಿಗೆ ಅರ್ಧ ಅಥವಾ ಒಂದು ಗಂಟೆ ಮೊದಲು ಒಳ್ಳೆಯದು. ಇಂಜೆಕ್ಷನ್ ಆದರೆ ಐದು ನಿಮಿಷದಲ್ಲೇ ಶುರು, ಸುಮಾರು ಎರಡು ಗಂಟೆಯಲ್ಲಿ ಮುಕ್ತಾಯ.

*ಟಾರ್ಸೆಮೈಡ್:* ಶುರುವಾಗುವುದು ಒಂದು ಗಂಟೆಯೊಳಗೆ. ಆಹಾರದಿಂದ ಹೆಚ್ಚು ವ್ಯತ್ಯಾಸವಿಲ್ಲ. ನುಂಗಿದ್ದರ 80 ಶೇಕಡಾಕ್ಕಿಂತ ಹೆಚ್ಚು ರಕ್ತಕ್ಕೆ ಸೇರುತ್ತದೆ.

*ಮೆಟೋಲಾಜೋನ್:* ಒಂದು ಗಂಟೆಯ ಹೊತ್ತಿಗೆ ಶುರುವಾದರೂ ಪೂರ್ಣ ಪರಿಣಾಮಕ್ಕೆ ಇನ್ನೂ ಕೆಲವು ಗಂಟೆ ಬೇಕು. ಒಮ್ಮೆ ಶುರುವಾದರೆ 12ರಿಂದ 24 ಗಂಟೆ, ಮೂತ್ರಪಿಂಡ ದುರ್ಬಲವಿದ್ದವರಲ್ಲಿ ಇನ್ನೂ ಹೆಚ್ಚು ಕಾಲ ಇರುತ್ತದೆ.

*ಸ್ಪೈರೋನೋಲ್ಯಾಕ್ಟೋನ್:* ಇದು ಗಂಟೆಗಳ ಲೆಕ್ಕದ ಮಾತ್ರೆಯಲ್ಲ. ಪೂರ್ಣ ಪರಿಣಾಮಕ್ಕೆ ಎರಡು ಮೂರು ದಿನ ಬೇಕು. ದಿನಾಲೂ ಒಂದೇ ಹೊತ್ತಿಗೆ, ಆಹಾರದ ಜೊತೆ ತೆಗೆದುಕೊಂಡರಾಯಿತು. ಇದನ್ನು ಕೊಡುವುದು ನೀರಿಳಿಸಲು ಮಾತ್ರವಲ್ಲ. 1999ರಲ್ಲಿ ಪ್ರಕಟವಾದ ರೇಲ್ಸ್ ಎಂಬ ಅಧ್ಯಯನದಲ್ಲಿ, ತೀವ್ರ ಹೃದಯ ವೈಫಲ್ಯ ಇದ್ದವರಿಗೆ ಈ ಮಾತ್ರೆ ಕೊಟ್ಟಾಗ ಸಾವಿನ ಅಪಾಯ 30 ಶೇಕಡಾ ಕಡಿಮೆಯಾಯಿತು. ಹಾಗಾಗಿ ಕಾಲಿನ ಊತ ಇಳಿಯಿತೆಂದು ಇದನ್ನು ನೀವಾಗಿಯೇ ನಿಲ್ಲಿಸಬೇಡಿ.

ಅರ್ಧ ಗಂಟೆಯ ನಿಯಮ ಎಲ್ಲಿಂದ ಬಂತು?

ಮೆಟೋಲಾಜೋನ್ ನುಂಗಿ ಅರ್ಧ ಗಂಟೆಯಾದ ಮೇಲೆ ಲೇಸಿಕ್ಸ್ ತೆಗೆದುಕೊಳ್ಳಿ ಎಂಬ ಸಲಹೆಯ ಹಿಂದಿನ ತರ್ಕ ಸರಳ. ಆಸ್ಪತ್ರೆಯಲ್ಲಿ ಫ್ಯೂರೋಸೆಮೈಡ್ ಇಂಜೆಕ್ಷನ್ ಐದೇ ನಿಮಿಷದಲ್ಲಿ ಎರಡನೆಯ ತೂಬನ್ನು ಮುಚ್ಚುತ್ತದೆ, ಉಪ್ಪು ಕೆಳಕ್ಕೆ ರಭಸವಾಗಿ ಹರಿಯುತ್ತದೆ. ಆ ಹೊತ್ತಿಗೆ ಮೂರನೆಯ ತೂಬು ತೆರೆದೇ ಇದ್ದರೆ ಅದು ಒಂದಿಷ್ಟನ್ನು ಮರಳಿ ಎಳೆದುಕೊಳ್ಳುತ್ತದೆ. ಆದ್ದರಿಂದ ನಿಧಾನದ ಮಾತ್ರೆಗೆ ಸ್ವಲ್ಪ ಮುಂಚಿತವಾಗಿ ಹೊರಡಲು ಬಿಡುತ್ತಾರೆ.

ಮನೆಯಲ್ಲಿ ಎರಡೂ ಮಾತ್ರೆಯ ರೂಪದಲ್ಲೇ ಇರುವಾಗ ಈ ಅಂತರದ ಮಹತ್ವ ಕಡಿಮೆ. ಫ್ಯೂರೋಸೆಮೈಡ್ ಮಾತ್ರೆಗೂ ಶುರುವಾಗಲು ಸಮಯ ಬೇಕು. ಮೆಟೋಲಾಜೋನ್ ಇಡೀ ದಿನ ಇರುವುದರಿಂದ, ಎರಡನೆಯ ದಿನದ ಮಾತ್ರೆ ನುಂಗುವಾಗ ಹಿಂದಿನ ದಿನದ್ದರ ಪರಿಣಾಮ ಇನ್ನೂ ಸ್ವಲ್ಪ ಉಳಿದಿರುತ್ತದೆ. ಅರ್ಧ ಗಂಟೆಯ ಅಂತರ ಔಷಧದ ಗುಣವನ್ನು ನೋಡಿ ಮಾಡಿದ ನಿಯಮ.

ಆದ್ದರಿಂದ ವೈದ್ಯರು ಅರ್ಧ ಗಂಟೆ ಎಂದಿದ್ದರೆ ಹಾಗೆಯೇ ಮಾಡಿ. ಅದರಿಂದ ಒಂದು ಶಿಸ್ತೂ ಬರುತ್ತದೆ. ಮರೆತು ಎರಡನ್ನೂ ಒಟ್ಟಿಗೆ ನುಂಗಿದರೆ ಗಾಬರಿ ಬೇಡ. ಪರಿಣಾಮ ಹಾಳಾಯಿತೆಂದು ಇನ್ನೊಂದು ಮಾತ್ರೆ ತೆಗೆದುಕೊಳ್ಳಲೇಬೇಡಿ.

ಒಂದು ದಿನದ ಮಾದರಿ ವೇಳಾಪಟ್ಟಿ

ನಿಮ್ಮ ಚೀಟಿಯಲ್ಲಿ ಬೇರೆ ಬರೆದಿದ್ದರೆ ಅದನ್ನೇ ಪಾಲಿಸಿ. ಇದು ಅರ್ಥವಾಗಲೆಂದು ಕೊಟ್ಟ ಉದಾಹರಣೆ ಮಾತ್ರ.

• ಬೆಳಿಗ್ಗೆ 6:30: ಎದ್ದು, ಮೂತ್ರಕ್ಕೆ ಹೋಗಿ ಬಂದು, ಏನೂ ತಿನ್ನುವ ಮೊದಲು ತೂಕ ನೋಡಿ ಬರೆದಿಡಿ.
• 7:00: ಮೆಟೋಲಾಜೋನ್, ವೈದ್ಯರು ಹೇಳಿದ ದಿನಗಳಲ್ಲಿ ಮಾತ್ರ.
• 7:30: ಫ್ಯೂರೋಸೆಮೈಡ್ ಅಥವಾ ಟಾರ್ಸೆಮೈಡ್.
• 8:30: ತಿಂಡಿ, ಅದರ ಜೊತೆ ಸ್ಪೈರೋನೋಲ್ಯಾಕ್ಟೋನ್ ಮತ್ತು ಉಳಿದ ಮಾತ್ರೆಗಳು.
• ಮಧ್ಯಾಹ್ನ 1ರಿಂದ 3: ಮುಖ್ಯ ನೀರಿನ ಮಾತ್ರೆಯ ಎರಡನೆಯ ಡೋಸ್ ಇದ್ದರೆ ಈಗ.
• ಸಂಜೆ 4ರ ನಂತರ: ಸಾಧ್ಯವಾದಷ್ಟು ನೀರಿನ ಮಾತ್ರೆ ಬೇಡ.

ಎರಡನೆಯ ಡೋಸ್ ಮಧ್ಯಾಹ್ನವೇ ಏಕೆ? ದಿನಕ್ಕೆ ಎರಡು ಸಲ ಎಂದ ಕೂಡಲೇ ನಮ್ಮಲ್ಲಿ ಬೆಳಿಗ್ಗೆ ಮತ್ತು ರಾತ್ರಿ ಎಂದುಕೊಳ್ಳುವುದು ರೂಢಿ. ನೀರಿನ ಮಾತ್ರೆಯನ್ನು ರಾತ್ರಿ ನುಂಗಿದರೆ ನಾಲ್ಕೈದು ಸಲ ಏಳಬೇಕಾಗುತ್ತದೆ. ನಿದ್ದೆ ಕೆಡುವುದು ಒಂದು ಕಡೆ. ವಯಸ್ಸಾದವರು ನಿದ್ದೆಗಣ್ಣಲ್ಲಿ, ರಕ್ತದೊತ್ತಡ ಇಳಿದಿರುವಾಗ, ಬಚ್ಚಲುಮನೆಗೆ ಹೋಗುತ್ತ ಬಿದ್ದು ಸೊಂಟದ ಮೂಳೆ ಮುರಿದುಕೊಳ್ಳುವ ಅಪಾಯ ಇನ್ನೊಂದು ಕಡೆ. ಚೀಟಿಯಲ್ಲಿ 1-1-0 ಎಂದಿದ್ದರೆ ಬೆಳಿಗ್ಗೆ ಮತ್ತು ಮಧ್ಯಾಹ್ನ. 1-0-1 ಎಂದು ನೀರಿನ ಮಾತ್ರೆಯ ಎದುರು ಕಂಡರೆ, ರಾತ್ರಿಯೇ ಬೇಕೇ ಎಂದು ವೈದ್ಯರನ್ನು ಒಮ್ಮೆ ಕೇಳಿ.

ಇನ್ನೊಂದು ವಿಷಯ. ಹೆಚ್ಚು ಮೂತ್ರ ಬರುತ್ತದೆಂದು ಕೆಲವರು ಒಂದು ಮಾತ್ರೆಯನ್ನು ಮುರಿದು ಅರ್ಧರ್ಧ ಮಾಡಿ ಎರಡು ಹೊತ್ತು ತೆಗೆದುಕೊಳ್ಳುತ್ತಾರೆ. ಫ್ಯೂರೋಸೆಮೈಡ್, ಟಾರ್ಸೆಮೈಡ್‌ಗಳಿಗೆ ಒಂದು ಕನಿಷ್ಠ ಮಟ್ಟವಿದೆ. ರಕ್ತದಲ್ಲಿ ಅಷ್ಟು ಸೇರದಿದ್ದರೆ ಅವು ಕೆಲಸವನ್ನೇ ಮಾಡುವುದಿಲ್ಲ. 40 ಮಿಲಿಗ್ರಾಂ ಬೇಕಾದವರಿಗೆ 20 ಮತ್ತು 20 ಕೊಟ್ಟರೆ ಎರಡೂ ವ್ಯರ್ಥವಾಗಬಹುದು. ಕೇಳದೆ ಹಂಚಿಕೊಳ್ಳಬೇಡಿ.

ಹೊರಗೆ ಹೋಗಬೇಕಾದ ದಿನ

ಲೋಕಲ್ ಟ್ರೈನಿನಲ್ಲಿ ಒಂದೂವರೆ ಗಂಟೆ, ಟ್ರಾಫಿಕ್‌ನಲ್ಲಿ ಎರಡು ಗಂಟೆ ಕಳೆಯಬೇಕಾದವರು ಮೂತ್ರಕ್ಕೆ ಹೆದರಿ ಮಾತ್ರೆಯನ್ನೇ ಬಿಡುವುದುಂಟು. ಹೆಂಗಸರಲ್ಲಿ ಇದು ಇನ್ನೂ ಹೆಚ್ಚು. ದಾರಿಯಲ್ಲಿ ಶೌಚಾಲಯ ಸಿಗುವ ಭರವಸೆಯಿಲ್ಲ. ಬಿಡುವುದರ ಬದಲು ಸಮಯ ಬದಲಿಸಿ. ಮಾತ್ರೆಯ ಜೋರು ಮೊದಲ ಎರಡು ಮೂರು ಗಂಟೆ. ಬೇಗ ಎದ್ದು 5ಕ್ಕೇ ತೆಗೆದುಕೊಂಡರೆ 9ಕ್ಕೆ ಹೊರಡಬಹುದು. ಇಲ್ಲವೇ ಹಿಂತಿರುಗಿ ಬಂದು ಮಧ್ಯಾಹ್ನ ತೆಗೆದುಕೊಳ್ಳಬಹುದು. ಒಂದು ದಿನದ ಮಟ್ಟಿಗೆ ಕೆಲವು ಗಂಟೆಗಳ ಹೊಂದಾಣಿಕೆಗೆ ಸಾಮಾನ್ಯವಾಗಿ ವೈದ್ಯರು ಒಪ್ಪುತ್ತಾರೆ. ಮುಂದಿನ ಭೇಟಿಯಲ್ಲಿ ಇದನ್ನು ಕೇಳಿಟ್ಟುಕೊಳ್ಳಿ.

ಬೆಳಗಿನ ಡೋಸ್ ಮರೆತು ಮಧ್ಯಾಹ್ನ ನೆನಪಾದರೆ ಆಗ ತೆಗೆದುಕೊಳ್ಳಿ. ಸಂಜೆಯೋ ರಾತ್ರಿಯೋ ನೆನಪಾದರೆ ಬಿಟ್ಟು, ಮರುದಿನ ಎಂದಿನಂತೆ ಮುಂದುವರಿಸಿ. ಮರೆತದ್ದಕ್ಕೆ ಎರಡು ಮಾತ್ರೆ ಒಟ್ಟಿಗೆ ಬೇಡ. ಉಸಿರಾಟ ಕಷ್ಟವಾಗುತ್ತಿದ್ದರೆ ಮಾತ್ರ ಕಾಯದೆ ವೈದ್ಯರಿಗೆ ಫೋನ್ ಮಾಡಿ.

ಗಂಟೆಗಿಂತ ದಿನಗಳ ಲೆಕ್ಕ ಮುಖ್ಯ

ಮೆಟೋಲಾಜೋನ್ ಅನ್ನು ಹೆಚ್ಚಾಗಿ ಮೂರರಿಂದ ಐದು ದಿನ, ಅಥವಾ ವಾರಕ್ಕೆ ಎರಡು ಮೂರು ಸಲ ಎಂದು ಕೊಡುತ್ತಾರೆ. ವಾರಕ್ಕೆ ಎರಡು ಎಂಬುದು ಮನೆಗೆ ಬರುವಷ್ಟರಲ್ಲಿ ದಿನಕ್ಕೆ ಎರಡು ಆಗಿಬಿಡಬಾರದು. ಊತ ಚೆನ್ನಾಗಿ ಇಳಿಯಿತೆಂದು ಹಳೆಯ ಚೀಟಿ ತೋರಿಸಿ ಅಂಗಡಿಯಿಂದ ಮತ್ತೆ ತಂದು ಮುಂದುವರಿಸುವುದೂ ಅಷ್ಟೇ ಅಪಾಯ.

ಏಕೆಂದರೆ ಎರಡು ತೂಬು ಮುಚ್ಚಿದಾಗ ಹೊರಹೋಗುವುದು ಬರೀ ನೀರಲ್ಲ. ಪೊಟ್ಯಾಸಿಯಂ, ಸೋಡಿಯಂ, ಮೆಗ್ನೀಸಿಯಂ ಜೊತೆಗೇ ಹೋಗುತ್ತವೆ. ಪೊಟ್ಯಾಸಿಯಂ 3.5ಕ್ಕಿಂತ ಕೆಳಗಿಳಿದರೆ ಹೃದಯದ ಬಡಿತ ತಪ್ಪಬಹುದು. ಡಿಗಾಕ್ಸಿನ್ ತೆಗೆದುಕೊಳ್ಳುವವರಿಗೆ ಈ ಅಪಾಯ ಇನ್ನೂ ಹೆಚ್ಚು. ಸೋಡಿಯಂ ತೀರಾ ಇಳಿದರೆ ವಯಸ್ಸಾದವರು ಗೊಂದಲಕ್ಕೊಳಗಾಗುತ್ತಾರೆ, ಮಂಪರಿನಲ್ಲಿರುತ್ತಾರೆ. ಮನೆಯವರು ಅದನ್ನು ವಯಸ್ಸಿನ ಮರೆವು ಎಂದುಕೊಳ್ಳುವುದುಂಟು.

ಸ್ಪೇನ್‌ನಲ್ಲಿ ನಡೆದ ಕ್ಲೊರೋಟಿಕ್ ಎಂಬ ಅಧ್ಯಯನ 2022ರಲ್ಲಿ ಪ್ರಕಟವಾಯಿತು. ಆಸ್ಪತ್ರೆಯಲ್ಲಿದ್ದ 230 ಹೃದಯ ವೈಫಲ್ಯದ ರೋಗಿಗಳಲ್ಲಿ ಅರ್ಧದಷ್ಟು ಜನರಿಗೆ ಫ್ಯೂರೋಸೆಮೈಡ್ ಜೊತೆ ಹೈಡ್ರೋಕ್ಲೋರೋಥಯಜೈಡ್ ಸೇರಿಸಿ ಕೊಟ್ಟರು. 72 ಗಂಟೆಯಲ್ಲಿ ಅವರ ತೂಕ ಸರಾಸರಿ 2.3 ಕೆ.ಜಿ. ಇಳಿಯಿತು, ಸೇರಿಸದವರಲ್ಲಿ 1.5 ಕೆ.ಜಿ. ಆದರೆ ಮೂತ್ರಪಿಂಡದ ಕೆಲಸ ಕುಗ್ಗಿದ್ದು ಮೊದಲ ಗುಂಪಿನಲ್ಲಿ 46.5 ಶೇಕಡಾ ಜನರಲ್ಲಿ, ಎರಡನೆಯದರಲ್ಲಿ 17.2 ಶೇಕಡಾ ಜನರಲ್ಲಿ. ಜೋಡಿ ಮಾತ್ರೆ ನೀರನ್ನು ಇಳಿಸುತ್ತದೆ, ನಿಜ. ಆದರೆ ಅದರ ಮೇಲೆ ಕಣ್ಣಿಟ್ಟಿರಲೇಬೇಕು.

ಹೀಗೆ ಕಣ್ಣಿಡುವ ದಾರಿ ರಕ್ತ ಪರೀಕ್ಷೆ: ಸೋಡಿಯಂ, ಪೊಟ್ಯಾಸಿಯಂ, ಕ್ರಿಯಾಟಿನಿನ್. ಮೆಟೋಲಾಜೋನ್ ಶುರುವಾದ ಕೆಲವೇ ದಿನಗಳಲ್ಲಿ, ಸಾಮಾನ್ಯವಾಗಿ ವಾರದೊಳಗೆ, ಇದು ಆಗಬೇಕು. ಸ್ಪೈರೋನೋಲ್ಯಾಕ್ಟೋನ್ ಶುರುವಾದಾಗಲೂ ಒಂದು ವಾರಕ್ಕೆ, ಮತ್ತೆ ನಾಲ್ಕು ವಾರಕ್ಕೆ ಬೇಕು. ಅದರಲ್ಲಿ ಅಪಾಯ ತಿರುಗುಮುರುಗು, ಪೊಟ್ಯಾಸಿಯಂ ಏರುತ್ತದೆ. ಚೀಟಿಯಲ್ಲಿ ಪರೀಕ್ಷೆಯ ದಿನಾಂಕ ಬರೆಯದೆ ಇದ್ದರೆ ಕೇಳಿ ಬರೆಸಿಕೊಳ್ಳಿ.

ಹೆಸರುಗಳ ಗೊಂದಲ

• ಡೈಟಾರ್ ಮತ್ತು ಡೈಟಾರ್ ಪ್ಲಸ್ ಒಂದೇ ಅಲ್ಲ. ಪ್ಲಸ್‌ನಲ್ಲಿ ಟಾರ್ಸೆಮೈಡ್ ಜೊತೆ ಸ್ಪೈರೋನೋಲ್ಯಾಕ್ಟೋನ್ ಕೂಡ ಇದೆ. ಲೇಸಿಲ್ಯಾಕ್ಟೋನ್‌ನಲ್ಲಿ ಫ್ಯೂರೋಸೆಮೈಡ್ ಮತ್ತು ಸ್ಪೈರೋನೋಲ್ಯಾಕ್ಟೋನ್ ಎರಡೂ ಇವೆ. ಇವುಗಳ ಜೊತೆ ಆಲ್ಡಾಕ್ಟೋನ್ ಬೇರೆಯಾಗಿ ಇದ್ದರೆ ಸ್ಪೈರೋನೋಲ್ಯಾಕ್ಟೋನ್ ಎರಡು ಸಲ ಹೊಟ್ಟೆ ಸೇರುತ್ತದೆ. ಜೋಡಿ ಮಾತ್ರೆಯನ್ನು ಒಂದರ ಬದಲು ಎರಡು ನುಂಗಿದರೆ ಎರಡು ಔಷಧಗಳೂ ಇಮ್ಮಡಿಯಾಗುತ್ತವೆ.
• ಮೆಟೋಲಾಜೋನ್ ನೀರಿನ ಮಾತ್ರೆ. ಮೆಟೊಪ್ರೊಲಾಲ್ ಹೃದಯ ಬಡಿತ ತಗ್ಗಿಸುವ ಮಾತ್ರೆ. ಎರಡೂ ಒಂದೇ ರೋಗಿಯ ಚೀಟಿಯಲ್ಲಿರಬಹುದು. ಅಂಗಡಿಯಲ್ಲಿ ಕೊಟ್ಟ ಸ್ಟ್ರಿಪ್‌ನ ಹೆಸರನ್ನು ಚೀಟಿಯೊಂದಿಗೆ ಅಕ್ಷರ ಅಕ್ಷರ ಹೋಲಿಸಿ ನೋಡಿ.

ಪ್ರತಿ ಸ್ಟ್ರಿಪ್ ಮೇಲೆ ಕನ್ನಡದಲ್ಲಿ ಹೊತ್ತು ಮತ್ತು ವಾರ ಬರೆದು ಅಂಟಿಸಿ. "ಸೋಮವಾರ, ಗುರುವಾರ ಮಾತ್ರ, ಬೆಳಿಗ್ಗೆ 7" ಎಂಬ ಒಂದು ಸಾಲು ಸಾಕು.

ಮನೆಯಲ್ಲಿ ಗಮನಿಸಬೇಕಾದದ್ದು

ಉಪ್ಪು: ಮಾತ್ರೆಯ ಪರಿಣಾಮ ಮುಗಿದ ಕೂಡಲೇ ಮೂತ್ರಪಿಂಡ ಉಪ್ಪನ್ನು ಗಟ್ಟಿಯಾಗಿ ಹಿಡಿಯತೊಡಗುತ್ತದೆ. ರಾತ್ರಿ ಊಟಕ್ಕೆ ಉಪ್ಪಿನಕಾಯಿ, ಹಪ್ಪಳ, ಸಂಡಿಗೆ, ಚಟ್ನಿಪುಡಿ ಸೇರಿದರೆ ಬೆಳಿಗ್ಗೆ ಕಳೆದುಕೊಂಡದ್ದೆಲ್ಲ ರಾತ್ರಿ ಮರಳಿ ಬರುತ್ತದೆ. ಲೋ ಸೋಡಿಯಂ ಉಪ್ಪಿನಲ್ಲಿ ಪೊಟ್ಯಾಸಿಯಂ ಇರುತ್ತದೆ. ಸ್ಪೈರೋನೋಲ್ಯಾಕ್ಟೋನ್ ತೆಗೆದುಕೊಳ್ಳುವವರು ಕೇಳದೆ ಬಳಸಬಾರದು. ಎಳನೀರಿಗೂ ಇದೇ ಮಾತು.

ನೋವಿನ ಮಾತ್ರೆ: ಐಬುಪ್ರೊಫೇನ್, ಡೈಕ್ಲೋಫೆನಾಕ್ ನೀರನ್ನು ಹಿಡಿದಿಡುತ್ತವೆ, ಮೂತ್ರಪಿಂಡಕ್ಕೂ ಹಾನಿ. ನೀರಿನ ಮಾತ್ರೆಗಳಿಂದ ಯೂರಿಕ್ ಆಮ್ಲ ಏರಿ ಕಾಲ್ಬೆರಳ ಕೀಲು ನೋಯುವುದುಂಟು. ಆಗ ಅಂಗಡಿಯಿಂದ ನೋವಿನ ಮಾತ್ರೆ ತರದೆ ವೈದ್ಯರಿಗೆ ತಿಳಿಸಿ.

ವಾಂತಿ, ಭೇದಿ, ಉಪವಾಸ: ದೇಹದಲ್ಲಿ ನೀರೇ ಇಲ್ಲದಾಗ ನೀರಿನ ಮಾತ್ರೆ ನುಂಗಿದರೆ ಮೂತ್ರಪಿಂಡಕ್ಕೆ ಪೆಟ್ಟು. ವಾಂತಿ ಭೇದಿಯಾದ ದಿನವೇ ಫೋನ್ ಮಾಡಿ ಯಾವುದನ್ನು ನಿಲ್ಲಿಸಬೇಕೆಂದು ಕೇಳಿ. ಏಕಾದಶಿ, ಶಿವರಾತ್ರಿ, ರಂಜಾನ್ ಉಪವಾಸ ಮಾಡುವವರು ಮೊದಲೇ ಮಾತನಾಡಿ. ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ತೆಗೆದುಕೊಳ್ಳುವ ಮಧುಮೇಹಿಗಳಿಗೆ ಇದು ಇನ್ನೂ ಮುಖ್ಯ.

ಯಾವಾಗ ಫೋನ್ ಮಾಡಬೇಕು?

• ಮೂರು ದಿನದಲ್ಲಿ ತೂಕ 2 ಕೆ.ಜಿ. ಅಥವಾ ಹೆಚ್ಚು ಏರಿದರೆ
• ತೂಕ ದಿನಕ್ಕೆ 1 ಕೆ.ಜಿ.ಗಿಂತ ಹೆಚ್ಚು ಇಳಿಯುತ್ತಲೇ ಇದ್ದರೆ, ಅಥವಾ ವೈದ್ಯರು ಹೇಳಿದ ತೂಕಕ್ಕಿಂತ ಕೆಳಗೆ ಹೋದರೆ
• ಎದ್ದು ನಿಂತಾಗ ತಲೆ ಸುತ್ತಿದರೆ, ಮೀನಖಂಡ ಹಿಡಿದುಕೊಂಡರೆ, ವಿಪರೀತ ಸುಸ್ತಾದರೆ
• ಮಾತ್ರೆ ತೆಗೆದುಕೊಂಡರೂ ಮೂತ್ರ ತೀರಾ ಕಡಿಮೆಯಾದರೆ
• ಮಾತು ತೊದಲಿದರೆ, ಗೊಂದಲ, ಮಂಪರು ಕಂಡರೆ ಕೂಡಲೇ ಆಸ್ಪತ್ರೆಗೆ ಹೋಗಿ
• ಮಲಗಲಾಗದಷ್ಟು ಉಸಿರುಕಟ್ಟಿದರೆ, ಎದೆ ನೋವು ಬಂದರೆ, ಪ್ರಜ್ಞೆ ತಪ್ಪಿದರೆ 108 ಅಥವಾ 112ಕ್ಕೆ ಕರೆ ಮಾಡಿ

ಮುಂದಿನ ಭೇಟಿಗೆ ಈ ಐದು ಪ್ರಶ್ನೆ

1. ನನ್ನ ಮಾತ್ರೆಗಳಲ್ಲಿ ನೀರಿನ ಮಾತ್ರೆಗಳು ಯಾವುವು?
2. ಎರಡನೆಯ ಮಾತ್ರೆ ಎಷ್ಟು ದಿನ? ಯಾವತ್ತು ನಿಲ್ಲಿಸಬೇಕು?
3. ರಕ್ತ ಪರೀಕ್ಷೆ ಯಾವ ದಿನ?
4. ನನ್ನ ಸರಿಯಾದ ತೂಕ ಎಷ್ಟು? ಎಷ್ಟು ಇಳಿದರೆ ಮಾತ್ರೆ ನಿಲ್ಲಿಸಿ ಫೋನ್ ಮಾಡಬೇಕು?
5. ದಿನಕ್ಕೆ ಎಷ್ಟು ನೀರು ಕುಡಿಯಬಹುದು?

ಉತ್ತರಗಳನ್ನು ತೂಕ ಬರೆಯುವ ಪುಸ್ತಕದ ಮೊದಲ ಪುಟದಲ್ಲೇ ಬರೆದಿಡಿ. ರಾತ್ರಿ ಹೊತ್ತು ಹೊಸ ವೈದ್ಯರ ಮುಂದೆ ಕೂರಬೇಕಾಗಿ ಬಂದರೆ, ಮನೆಯವರ ನೆನಪಿಗಿಂತ ಆ ಒಂದು ಪುಟ ಹೆಚ್ಚು ಉಪಯೋಗಕ್ಕೆ ಬರುತ್ತದೆ.